ಶಾಲೆಗೂ ಊರಿಗೂ ಒಂದೇ ಗ್ರಂಥಾಲಯ

ಸದಸ್ಯ ಬಾಂಧವರಲ್ಲಿ ಹಲವರು, ಅದರಲ್ಲೂ ಬದನಗುಪ್ಪೆ ಕಡೆಯವರು, ಕೆಲವು ತಿಂಗಳಿಂದ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಸಂಘದ ಸಾರ್ವಜನಿಕ ಹಿತದ ಬಾಬ್ತಿನಲ್ಲಿರುವ ಹಣದಲ್ಲಿ ಒಂದು ಪಾಲನ್ನು ಪುಸ್ತಕಗಳಿಗಾಗಿ ಖರ್ಚು ಮಾಡುವುದಾದರೆ ಅದನ್ನು ಶಾಲೆಗೆ ಕೊಡಬೇಕೆ, ಊರಿಗೆ ಕೊಡಬೇಕೆ? ಶಾಲೆಗೆ ಕೊಟ್ಟರೆ ಬೀರುವಿಗೆ ಬೀಗ ಬೀಳುತ್ತದೆ ಎಂದು ಒಂದು ಪಕ್ಷ. ಊರಿಗೆ ಕೊಟ್ಟರೆ ದಿನಪತ್ರಿಕೆ ತಿರುವಿಹಾಕುವ ನಾಲ್ಕು ಜನರ ಹರಟೆಕಟ್ಟೆಯಾಗುತ್ತದೆ ಎಂದು ಇನ್ನೊಂದು ಪಕ್ಷ. ಎರಡು ಮಾತಿನಲ್ಲೂ ನಿಜವಿದೆ. ಹಾಗಿದ್ದರೆ ಎರಡನ್ನೂ ಕೂಡಿಸಿ ಒಂದೇ ಗ್ರಂಥಾಲಯವಾಗಿ ನಡೆಸಬಾರದೇಕೆ ಎಂಬ ಮೂರನೆಯ ಪ್ರಶ್ನೆ ತಾನಾಗಿ ಏಳುತ್ತದೆ. ವಾರ್ಷಿಕ ಮಹಾಸಭೆಯ ಮುಂದೆ ಈ ವಿಷಯ ಬರಲಿರುವುದರಿಂದ, ಇದರ ಒಳಹೊರಗನ್ನು ಸದಸ್ಯರ ಅವಗಾಹನೆಗೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಗ್ರಂಥಾಲಯವೆಂಬುದು ಯಾರೋ ದಾನಿಗಳು ನಮಗೆ ಕೊಡುವ ಭಿಕ್ಷೆಯಲ್ಲ. ಅದಕ್ಕೆ ನಾವು ಆಗಲೇ ಹಣ ಕಟ್ಟುತ್ತಿದ್ದೇವೆ. ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ, ಶಿಕ್ಷಣ ಮುಂತಾದ ಉಪಕರಗಳ ಸಾಲಿನಲ್ಲಿ ಗ್ರಂಥಾಲಯ ಉಪಕರವೂ ಇದೆ. ಅದರ ದರ ನೂರಕ್ಕೆ 6. ಸಾವಿರ ರೂಪಾಯಿ ಕಂದಾಯದ ಮನೆಯವರು 60 ರೂಪಾಯಿ ಕಟ್ಟುತ್ತಾರೆ. ಓದಲು ಬಾರದವರೂ ಕಟ್ಟುತ್ತಾರೆ, ಓದಲು ಬಂದೂ ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದರ ಫಲವೇನು ಎಂದು ಕೇಳುವವರು ಕಡಿಮೆ. ಗೊಬ್ಬರದ ಚೀಲದಲ್ಲಿ ಅರ್ಧ ಕೆ.ಜಿ. ಕಡಿಮೆಯಾದರೆ ಸಂಘದ ಕಚೇರಿಗೆ ಬಂದು ಜಗಳವಾಡುವ ನಾವು ಈ ವಿಷಯದಲ್ಲಿ ಮಾತ್ರ ಬಹಳ ಉದಾರಿಗಳು.

ಈ ಕರದ ಹಿಂದೆ ಒಂದು ಚರಿತ್ರೆಯಿದೆ. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಆಯಿತು. ಅದಕ್ಕೆ ಕರಡು ಒದಗಿಸಿದವರು ಡಾ. ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಇವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಇವರ ಪ್ರಯತ್ನದಿಂದಲೇ 1948ರಲ್ಲಿ ಮದ್ರಾಸು ಪ್ರಾಂತ್ಯದಲ್ಲಿ ಗ್ರಂಥಾಲಯ ಕಾಯ್ದೆ ಬಂದಿತ್ತು. ನಮ್ಮ ಜಿಲ್ಲೆಯ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದ್ದರಿಂದ, ಚಾಮರಾಜನಗರ, ಗುಂಡ್ಲುಪೇಟೆಗಳಿಗಿಂತ ಮುಂಚೆಯೇ ಆ ಸೀಮೆ ಗ್ರಂಥಾಲಯ ಕಾಯ್ದೆಯೊಂದರ ವ್ಯಾಪ್ತಿಗೆ ಬಂದಿತ್ತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಬಹುಕಾಲ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಸರ್ಕಾರ ಅವುಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿತು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಯಿತು. ರಾಜ್ಯದಾದ್ಯಂತ ಹತ್ತಾರು ಲಕ್ಷ ಮಕ್ಕಳು ಹೆಸರು ಬರೆಸಿದರು. ಶಾಲೆಗೂ ಊರಿಗೂ ಒಂದೇ ಗ್ರಂಥಾಲಯವೆಂಬ ಕಲ್ಪನೆಗೆ ನಮ್ಮ ನಾಡಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಬಾಗಿಲು ತೆರೆದದ್ದು ಆಗಲೇ. ಊರವರ ಗ್ರಂಥಾಲಯದೊಳಕ್ಕೆ ಮಕ್ಕಳು ಬಂದರು. ಊರವರು ಶಾಲೆಯ ಪುಸ್ತಕದ ಬಳಿಗೆ ಹೋಗುವುದು ಮಾತ್ರ ಇನ್ನೂ ಅಪರೂಪ.

ಶಾಲೆಯ ಪಾಲಿಗೂ ಕಾನೂನು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ, ಶಾಲೆಯ ಹಂತವನ್ನು ಅನುಸರಿಸಿ, ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನದ ಏರ್ಪಾಡಿದೆ. ಹೀಗೆ ಒಂದೇ ಊರಿನಲ್ಲಿ, ಕೂಗಳತೆಯ ಅಂತರದಲ್ಲಿ, ಎರಡು ಸಣ್ಣ ಹಣ, ಎರಡು ಸಣ್ಣ ಪುಸ್ತಕರಾಶಿ. ಒಂದರಲ್ಲಿ ಮಕ್ಕಳ ಪುಸ್ತಕವಿದ್ದು ಸಂಜೆ ಬಾಗಿಲಿಲ್ಲ. ಇನ್ನೊಂದರಲ್ಲಿ ಬಾಗಿಲಿದ್ದು ಜಾಗವಿಲ್ಲ. ಎರಡು ಎಕರೆಯ ಇಬ್ಬರು ಅಣ್ಣತಮ್ಮಂದಿರು ತಲಾ ಒಂದೊಂದು ಕೊಳವೆಬಾವಿ ಕೊರೆಸಿ ಎರಡರಲ್ಲೂ ಅರ್ಧ ಇಂಚು ನೀರು ಪಡೆದಂತೆ ಇದು.

ಬೇರೆಯವರು ಏನು ಮಾಡಿದರೆಂಬುದನ್ನು ಸ್ವಲ್ಪ ನೋಡೋಣ. ಬರೋಡಾ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ ಹಳ್ಳಿಹಳ್ಳಿಗೆ ಗ್ರಂಥಾಲಯ ಮಾಡಿಸಿದರು. ಅವುಗಳಲ್ಲಿ ಬಹಳಷ್ಟು ಶಾಲೆಯ ಕಟ್ಟಡದಲ್ಲೇ ಇದ್ದವು, ಮೇಷ್ಟ್ರೇ ಗ್ರಂಥಪಾಲರು. ಖರ್ಚಿನಲ್ಲಿ ಊರವರದು ಒಂದು ಪಾಲು, ಸ್ಥಳೀಯ ಸಂಸ್ಥೆಯದು ಒಂದು ಪಾಲು, ಸಂಸ್ಥಾನದ್ದು ಒಂದು ಪಾಲು. ಊರವರು ಕೈಯಿಂದ ಹಣ ಹಾಕದಿದ್ದರೆ ಉಳಿದ ಎರಡು ಪಾಲೂ ಇಲ್ಲ! ಸಹಕಾರ ತತ್ವವನ್ನು ಬಲ್ಲ ನಮ್ಮ ಸದಸ್ಯರಿಗೆ ಈ ಕ್ರಮದ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿ 1924ರಲ್ಲಿ ಒಂದು ಯೋಜನೆ ಮುಂದಿಟ್ಟರು. ಅದು ಬೇಸಾಯದ ಬಡ ಸೀಮೆ. ತರುಣರು ಹಳ್ಳಿ ಬಿಟ್ಟು ಪಟ್ಟಣ ಸೇರುತ್ತಿದ್ದ ಕಾಲ. ಮಕ್ಕಳಿಗೊಂದು ಶಾಲೆ, ದೊಡ್ಡವರಿಗೊಂದು ಸಭಾಂಗಣ, ಇನ್ನೆಲ್ಲೋ ಒಂದು ವಾಚನಾಲಯ ಎಂದು ಒಡೆದು ಕಟ್ಟುವ ಬದಲು ಎಲ್ಲವನ್ನೂ ಒಂದೇ ಆವರಣದಲ್ಲಿ ಕಟ್ಟಿ, ಹಗಲು ಮಕ್ಕಳಿಗೆ, ಸಂಜೆ ಊರಿಗೆ ಬಿಡಬೇಕೆಂಬುದು ಅವರ ವಾದ. 1930ರಲ್ಲಿ ಸಾಸ್ಟನ್ ಎಂಬ ಹಳ್ಳಿಯಲ್ಲಿ ಇಂಥ ಮೊದಲನೆಯ 'ಗ್ರಾಮ ಕಾಲೇಜು' ತೆರೆಯಿತು. ಆಸ್ಟ್ರೇಲಿಯದ ದಕ್ಷಿಣ ಪ್ರಾಂತ್ಯದಲ್ಲಿ 1970ರ ದಶಕದಿಂದ ಈಚೆಗೆ, ಪ್ರತ್ಯೇಕ ಗ್ರಂಥಾಲಯವನ್ನು ತಾಳಲಾರದ ಸಣ್ಣ ಊರುಗಳಲ್ಲಿ ಶಾಲೆ ಮತ್ತು ಸಾರ್ವಜನಿಕರ ಕೂಡುಗ್ರಂಥಾಲಯಗಳನ್ನು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿನ ಗುಟ್ಟು ಕಟ್ಟಡದಲ್ಲಿಲ್ಲ. ಶಿಕ್ಷಣ ಇಲಾಖೆ, ಗ್ರಂಥಾಲಯ ಮಂಡಳಿ, ಸ್ಥಳೀಯ ಸಂಸ್ಥೆ ಈ ಮೂವರ ನಡುವಿನ ಲಿಖಿತ ಒಪ್ಪಂದದಲ್ಲಿದೆ.

ದೂರ ಹೋಗುವುದೇಕೆ? ಗುಂಡ್ಲುಪೇಟೆಯಿಂದ ಗಡಿ ದಾಟಿ ವಯನಾಡಿಗೆ ಇಳಿದರೆ ಊರೂರಿಗೂ ಜನರೇ ಕಟ್ಟಿಕೊಂಡ ಗ್ರಂಥಾಲಯಗಳು ಕಾಣುತ್ತವೆ. ಪಿ.ಎನ್. ಪಣಿಕ್ಕರ್ ಎಂಬ ಉಪಾಧ್ಯಾಯರು 1945ರಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಆರಂಭಿಸಿದ ಸಂಘ ಅಲ್ಲಿನ ಗ್ರಂಥಾಲಯ ಚಳವಳಿಯ ಬೇರು. ಶುಂಠಿ ಬೆಳೆಯಲು ಅವರು ಇಲ್ಲಿಗೆ ಬರುತ್ತಾರೆ. ಗ್ರಂಥಾಲಯ ನೋಡಲು ನಾವೊಮ್ಮೆ ಅಲ್ಲಿಗೆ ಹೋಗಿಬರಬಹುದು.

ಇನ್ನು ನಮ್ಮ ಸೀಮೆಯ ಸ್ಥಿತಿ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ನೂರಕ್ಕೆ 75ಕ್ಕೂ ಹೆಚ್ಚು. ಚಾಮರಾಜನಗರ ಜಿಲ್ಲೆಯದು 61ರ ಆಸುಪಾಸು, ಹೆಂಗಸರದು 55ನ್ನೂ ಮುಟ್ಟಿರಲಿಲ್ಲ. ಎಂದರೆ ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಮನೆಯಲ್ಲಿ ಓದುವವರು ಆ ಮಕ್ಕಳೇ ಮೊದಲು. ಅಂಥ ಮನೆಯಲ್ಲಿ ಪಠ್ಯಪುಸ್ತಕವಲ್ಲದ ಪುಸ್ತಕ ಒಂದೂ ಇರುವುದಿಲ್ಲ. ಮಗು ಐದನೆಯ ತರಗತಿಯಲ್ಲಿ ಕಲಿತ ಓದು, ಓದಲು ಏನೂ ಸಿಕ್ಕದೆ, ಹತ್ತು ವರ್ಷದಲ್ಲಿ ಮರೆತುಹೋಗುತ್ತದೆ. ಸಹಿ ಮಾತ್ರ ಉಳಿಯುತ್ತದೆ. ಸಂಘದ ಸಾಲಪತ್ರಗಳಿಗೆ ಸಹಿ ಹಾಕುವವರಲ್ಲಿ, ಮೇಲೆ ಏನು ಬರೆದಿದೆಯೆಂದು ಓದಿ ಹಾಕುವವರು ಎಷ್ಟು ಮಂದಿ ಎಂಬುದು ಕಚೇರಿಯಲ್ಲಿ ಕೂತ ನಮಗೆ ಚೆನ್ನಾಗಿ ಗೊತ್ತು.

ಬದನಗುಪ್ಪೆಗೆ ಇನ್ನೊಂದು ವಿಶೇಷವಿದೆ. ರೈಲು ನಿಲ್ದಾಣವಿರುವ ಊರು. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಬಂದಮೇಲೆ ಸುತ್ತಿನ ಹುಡುಗರ ಮುಂದೆ ಬೇಸಾಯವಲ್ಲದೆ ಬೇರೆ ದಾರಿಗಳೂ ಕಾಣುತ್ತಿವೆ. ಪೊಲೀಸು, ರೈಲ್ವೆ, ಪ್ರಥಮ ದರ್ಜೆ ಸಹಾಯಕ ಮುಂತಾದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಇಂದು ಊರ ಗ್ರಂಥಾಲಯಗಳ ಅತಿ ನಿಷ್ಠೆಯ ಓದುಗರು. ಅವರಿಗೆ ಬೇಕಾದುದು ಒಂದು ಮೇಜು, ಒಂದು ದೀಪ, ನಿಶ್ಶಬ್ದ, ಹೊಸ ಆವೃತ್ತಿಯ ಪುಸ್ತಕ. ಮನೆಯಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ಕೂಡುಗ್ರಂಥಾಲಯ ಎಲ್ಲಿ ಕೆಡುತ್ತದೆ?

ಮುಖ್ಯವಾದ ವಿಷಯ ಬಾಗಿಲು. ಕೊಠಡಿ ಶಾಲೆಯ ಆವರಣದಲ್ಲಿದ್ದರೂ ಅದಕ್ಕೆ ರಸ್ತೆಯ ಕಡೆಗೆ ಇನ್ನೊಂದು ಬಾಗಿಲು ಇರಲೇಬೇಕು. ಶಾಲೆಯ ಗೇಟು ದಾಟಿ, ಮುಖ್ಯೋಪಾಧ್ಯಾಯರ ಕೊಠಡಿಯ ಮುಂದೆ ಹಾದು ಹೋಗಬೇಕಾದರೆ ಗದ್ದೆ ಕೆಲಸ ಮುಗಿಸಿ ಬಂದವನು ಹೋಗುವುದಿಲ್ಲ. ಪಾಠದ ಹೊತ್ತಿನಲ್ಲಿ ಹೊರಗಿನವರು ಆವರಣದಲ್ಲಿ ಓಡಾಡುವುದು ಮಕ್ಕಳ ಕ್ಷೇಮದ ದೃಷ್ಟಿಯಿಂದಲೂ ಸಲ್ಲದು. ಆದ್ದರಿಂದ ಒಂದು ಬಾಗಿಲು ಶಾಲೆಯ ಒಳಕ್ಕೆ, ಒಂದು ಬಾಗಿಲು ರಸ್ತೆಗೆ. ಪಾಠದ ಹೊತ್ತಿನಲ್ಲಿ ಒಳಬಾಗಿಲು, ಸಂಜೆ ಮತ್ತು ರಜೆಯಲ್ಲಿ ಹೊರಬಾಗಿಲು. ಈ ಒಂದು ಬಾಗಿಲಿನ ಖರ್ಚನ್ನು ಉಳಿಸಲು ಹೋಗಿ ಇಡೀ ಯೋಜನೆಯನ್ನೇ ಕೆಡಿಸಿಕೊಳ್ಳಬಾರದು.

ಬಾಗಿಲಿನ ಜೊತೆಗೇ ಸೇರಿಕೊಂಡಿರುವ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಊರುಗಳಲ್ಲಿ ಒಂದೊಂದು ಬೀದಿಯೂ ಒಂದೊಂದು ಜನರದು. ಗ್ರಂಥಾಲಯ ಯಾವ ಬೀದಿಯಲ್ಲಿದೆಯೋ ಆ ಬೀದಿಯವರದಾಗುತ್ತದೆ, ಉಳಿದವರು ಕರೆದರೂ ಬರುವುದಿಲ್ಲ. ದೇವಸ್ಥಾನದ ಪಕ್ಕದ ಮಂಟಪದಲ್ಲಿಟ್ಟರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಎಲ್ಲ ಬೀದಿಯ ಮಕ್ಕಳೂ ದಿನವೂ ಹೋಗಿ ಒಟ್ಟಿಗೆ ಕೂರುವ ಜಾಗ ಊರಿನಲ್ಲಿ ಒಂದೇ, ಅದು ಶಾಲೆ. ಹೆಂಗಸರ ಮಾತೂ ಹಾಗೆಯೇ. ಗಂಡಸರು ಪತ್ರಿಕೆ ಹಿಡಿದು ಕೂತಿರುವ ಪಂಚಾಯಿತಿ ಕಟ್ಟೆಗೆ ಬಾರದ ತಾಯಿ, ಮಗುವನ್ನು ಕರೆದುಕೊಂಡು ಶಾಲೆಗೆ ನಿಸ್ಸಂಕೋಚವಾಗಿ ಬರುತ್ತಾಳೆ. ಕೂಡುಗ್ರಂಥಾಲಯ ಶಾಲೆಯಲ್ಲಿರಬೇಕು ಎಂಬುದಕ್ಕೆ ಹಣದ ಉಳಿತಾಯಕ್ಕಿಂತ ಇದೇ ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೇಸಗೆ ರಜೆ. ಕಾಫಿ ಕೊಯ್ಲು ಮುಗಿದು, ಮುಂಗಾರಿನ ಕೆಲಸ ಇನ್ನೂ ಮೊದಲಾಗದೆ, ದೊಡ್ಡವರಿಗೂ ಮಕ್ಕಳಿಗೂ ವರ್ಷದಲ್ಲೇ ಹೆಚ್ಚು ಬಿಡುವಿರುವ ಕಾಲವದು. ಆಗಲೇ ಶಾಲೆಯ ಪುಸ್ತಕಗಳಿಗೆ ಬೀಗ. ರಜೆಯಲ್ಲಿ, ಭಾನುವಾರ, ಸಂಜೆ ಎಂಟರವರೆಗೆ ತೆರೆಯದ ಕೂಡುಗ್ರಂಥಾಲಯ ಹೆಸರಿಗಷ್ಟೇ ಕೂಡುಗ್ರಂಥಾಲಯ. ಬೀಗದ ಕೈ ಯಾರ ಬಳಿ ಎಂಬುದನ್ನು ಮೊದಲೇ ಬರೆದಿಡಬೇಕು.

ಇದು ಮೂರನೆಯದಕ್ಕೆ ತರುತ್ತದೆ. ಉಪಾಧ್ಯಾಯರ ತಲೆಗೆ ಇದನ್ನು ಕಟ್ಟಬಾರದು. ಬರೋಡಾದ ಮೇಷ್ಟ್ರ ಕಾಲ ಬೇರೆ. ಇಂದು ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ ಎಲ್ಲವೂ ಅವರದೇ. ಪಂಚಾಯಿತಿ ಗ್ರಂಥಾಲಯಕ್ಕೆ ಒಬ್ಬ ಮೇಲ್ವಿಚಾರಕರು ಇದ್ದೇ ಇರುತ್ತಾರೆ. ಕೂಡುಗ್ರಂಥಾಲಯದ ಹೊಣೆ ಅವರದು, ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಓದಿನ ಅವಧಿ ಇಡುವ ಹೊಣೆ ಶಾಲೆಯದು. ಅಷ್ಟು ಮಾಡಿದರೆ ಸಾಕು.

ನಾಲ್ಕನೆಯದು ಕಳೆದುಹೋಗುವ ಪುಸ್ತಕ. ಬೀರುವಿಗೆ ಬೀಗ ಏಕೆ ಬೀಳುತ್ತದೆ? ಮೇಷ್ಟ್ರು ದುಷ್ಟರೆಂದಲ್ಲ. ದಾಸ್ತಾನು ಪುಸ್ತಕದಲ್ಲಿ ಬರೆದ ಒಂದು ಪುಸ್ತಕ ಕಡಿಮೆಯಾದರೆ ವರ್ಗಾವಣೆಯ ಸಮಯದಲ್ಲಿ ತಮ್ಮ ಕೈಯಿಂದ ಕಟ್ಟಬೇಕಾದೀತೆಂಬ ಭಯ. ಭಯವಿದ್ದಲ್ಲಿ ಪುಸ್ತಕ ಹೊಸದಾಗಿಯೇ ಉಳಿದು ಗೆದ್ದಲಿನ ಪಾಲಾಗುತ್ತದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಸಹಜ ನಷ್ಟವೆಂದು ಪರಿಗಣಿಸಬಹುದೆಂದು ಅಲ್ಲಿ ಹೇಳಿದೆ. ನಮ್ಮ ಊರಿನಲ್ಲಿ ವರ್ಷಕ್ಕೆ ಮೂರು ಸಾವಿರ ಸಾರಿ ಪುಸ್ತಕ ಹೊರಹೋಯಿತೆನ್ನಿ. ಈ ಲೆಕ್ಕಕ್ಕೆ ಹದಿನೈದು ಪುಸ್ತಕ. ಒಂದಕ್ಕೆ 150 ರೂಪಾಯಿ ಹಿಡಿದರೂ 2,250 ರೂಪಾಯಿ. ಕಣದಲ್ಲಿ ಕಾಫಿ ಒಣಗಿ ತೂಕ ಇಳಿದರೆ ಅದನ್ನು ನಾವು ಕಳವು ಎನ್ನುವುದಿಲ್ಲ, ಒಣಗಿದ್ದಕ್ಕೆ ಸಾಕ್ಷಿ ಎನ್ನುತ್ತೇವೆ. ಪುಸ್ತಕಕ್ಕೂ ಒಂದು 'ಒಣಗು' ಇದೆ. ಆ ನಷ್ಟವನ್ನು ತುಂಬಿಕೊಡುವ ಹೊಣೆಯನ್ನು ಸಂಘ ಲಿಖಿತವಾಗಿ ಹೊತ್ತರೆ ಬೀಗ ತಾನಾಗಿ ತೆರೆಯುತ್ತದೆ. ನೂರು ಹೊಸ ಪುಸ್ತಕ ಕೊಡುವುದಕ್ಕಿಂತ ಈ ಒಂದು ಭರವಸೆ ಹೆಚ್ಚು ಬೆಲೆಯುಳ್ಳದ್ದು. ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕವಿರುವುದು ಬಳಕೆಗೆ ಎಂಬುದೇ ಆಗಿದೆ.

ಪುಸ್ತಕದ ಆಯ್ಕೆಯ ವಿಚಾರದಲ್ಲಿ ತಕರಾರು ಬರುವುದು ಖಂಡಿತ. ಶಾಲೆಗೆ ಮಕ್ಕಳ ಪುಸ್ತಕ ಬೇಕು, ತರುಣರಿಗೆ ಪರೀಕ್ಷೆಯ ಪುಸ್ತಕ ಬೇಕು, ನಮಗೆ ಕೃಷಿಯ ಪುಸ್ತಕ ಬೇಕು. ಯಾರು ಹಣ ಕೊಟ್ಟರೋ ಅವರ ಇಷ್ಟದ ಪುಸ್ತಕವೇ ತುಂಬಿದರೆ ಉಳಿದವರು ದೂರವಾಗುತ್ತಾರೆ. ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಹಳೆಯ ಪಠ್ಯಪುಸ್ತಕಗಳನ್ನೂ ಮದುವೆಯಲ್ಲಿ ಹಂಚಿ ಉಳಿದ ಪುಸ್ತಿಕೆಗಳನ್ನೂ 'ದಾನ' ಎಂದು ತಂದು ಸುರಿಯುವ ಪದ್ಧತಿಗೂ ಮೊದಲೇ ಒಂದು ಬೇಲಿ ಹಾಕಬೇಕು. ಪುಸ್ತಕ ದಾನ ಒಳ್ಳೆಯದು, ಆದರೆ ಯಾವುದನ್ನು ಇಟ್ಟುಕೊಳ್ಳಬೇಕೆಂಬ ಅಧಿಕಾರ ಸಮಿತಿಗಿರಲಿ.

ಕೃಷಿ ಕಪಾಟಿನ ಬಗ್ಗೆ ನಾವು ಎರಡು ಮಾತು ಹೆಚ್ಚಾಗಿ ಆಡಿದರೆ ಸದಸ್ಯರು ಮನ್ನಿಸಬೇಕು. ಬೆಟ್ಟದ ಕಾಫಿ, ಬಯಲಿನ ಅಡಿಕೆ, ಅರಿಶಿನ, ಬಾಳೆ ಈ ನಾಲ್ಕನ್ನೂ ಬೆಳೆಯುವ ಸೀಮೆ ನಮ್ಮದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇವುಗಳ ತಿಳಿವಳಿಕೆ ಇಲ್ಲಿಯ ಕಪಾಟಿಗೆ ಬರಬೇಕು. 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯಂತೆ ಕೃಷಿಕರೇ ಬರೆಯುವ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ವರ್ಷವಾರು ಹೊಲಿಸಿ ಇಟ್ಟರೆ, ಬೇರುಹುಳು ಬಂದಾಗ ಔಷಧಿ ಅಂಗಡಿಯವನ ಮಾತೊಂದನ್ನೇ ನಂಬಬೇಕಾಗಿಲ್ಲ. ಮೊಬೈಲಿನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ನಿಜ. ಆದರೆ ಅಲ್ಲಿ ಹೇಳಿದವನು ಯಾರು, ಅವನ ತೋಟದ ಮಣ್ಣು ಎಂಥದು, ಮಳೆ ಎಷ್ಟು ಎಂಬುದು ತಿಳಿಯುವುದಿಲ್ಲ. ಕೃಷಿಯ ಪುಸ್ತಕವೆಂದರೆ ಗೊಬ್ಬರದ ಪ್ರಮಾಣವಷ್ಟೇ ಎಂದೂ ತಿಳಿಯಬೇಡಿ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೂಡ ಆ ಕಪಾಟಿಗೆ ಸೇರಿದ್ದೇ. ಮೂಡಿಗೆರೆಯ ಕಾಫಿ ಬೆಳೆಗಾರರಾಗಿದ್ದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ಯಾವ ಕಪಾಟಿನಲ್ಲಿಡುವುದು ಎಂಬುದನ್ನು ಸಮಿತಿಯವರು ಜಗಳವಾಡಿ ತೀರ್ಮಾನಿಸಿಕೊಳ್ಳಲಿ.

ಓದು ಬಾರದ ಹಿರಿಯರಿಗೂ ಅಲ್ಲಿ ಜಾಗವಿದೆ. ನಮ್ಮ ಸೀಮೆಯ ನೀಲಗಾರರು, ಕಂಸಾಳೆಯವರು ಹಾಡುವ ಮಂಟೇಸ್ವಾಮಿ, ಮಲೆ ಮಾದೇಶ್ವರ ಕಾವ್ಯಗಳು ಈಗ ಅಚ್ಚಾಗಿ ಪುಸ್ತಕವಾಗಿವೆ. ಮಗು ಅದನ್ನು ಗಟ್ಟಿಯಾಗಿ ಓದಲಿ, ಪಕ್ಕದಲ್ಲಿ ಕೂತ ಅಜ್ಜ 'ಹಾಗಲ್ಲ ಮಗ, ಹೀಗೆ' ಎಂದು ತಿದ್ದಲಿ. ಶಾಲೆಯ ಯಾವ ಪಾಠದಲ್ಲೂ ಆ ಅಜ್ಜನಿಗೆ ಈ ಯಜಮಾನಿಕೆ ಸಿಕ್ಕುವುದಿಲ್ಲ.

ಎಲ್ಲ ಊರಿಗೂ ಇದು ಒಗ್ಗುತ್ತದೆಂದು ನಾವು ಹೇಳುವುದಿಲ್ಲ. ಶಾಲೆ ಊರಿನಿಂದ ದೂರ, ಹೆದ್ದಾರಿಯ ಆಚೆ ಇದ್ದರೆ ಸಂಜೆಯ ಹೊತ್ತು ಯಾರೂ ಹೋಗುವುದಿಲ್ಲ. ಅಲ್ಲಿ ಪಂಚಾಯಿತಿಯ ಗ್ರಂಥಾಲಯವನ್ನೇ ಬಲಪಡಿಸಿ ಶಾಲೆಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವುದು ಮೇಲು. ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟು ಹಳ್ಳಿಗಳನ್ನು ಸುತ್ತಿತ್ತು. ನಮ್ಮ ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಸಂಘದ ಗೊಬ್ಬರದ ವಾಹನ ವಾರಕ್ಕೊಮ್ಮೆ ಒಂದು ಪೆಟ್ಟಿಗೆ ಹೊರಲಾರದೆ? ಕೊಠಡಿಯೇ ಸಾಲದೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುವ ಶಾಲೆಯಲ್ಲೂ ಈ ಮಾತೆತ್ತಬಾರದು. ಪಾಠದ ಕೊಠಡಿಯನ್ನು ಕಸಿದು ಗ್ರಂಥಾಲಯ ಮಾಡುವುದು ಉಪಕಾರವಲ್ಲ.

ಮಹಾಸಭೆಯಲ್ಲಿ ಸದಸ್ಯರು ತೀರ್ಮಾನಿಸಬೇಕಾದುದು ಇಷ್ಟು. ಪಂಚಾಯಿತಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ಸಂಘ ಈ ಮೂವರೂ ಸಹಿ ಹಾಕುವ ಒಪ್ಪಂದಪತ್ರವೊಂದನ್ನು ತಯಾರಿಸಲು ಒಪ್ಪಿಗೆ ಕೊಡುವುದೆ, ಬೇಡವೆ. ಕಟ್ಟಡ ಶಿಕ್ಷಣ ಇಲಾಖೆಯದಾದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಬರವಣಿಗೆಯಲ್ಲಿ ಬೇಕು. ಬಾಯಿಮಾತಿನ ಅನುಮತಿ ಅಧಿಕಾರಿಗಳ ಜೊತೆಗೇ ವರ್ಗವಾಗುತ್ತದೆ. ಆಡಳಿತ ಸಮಿತಿಯಲ್ಲಿ ಮುಖ್ಯೋಪಾಧ್ಯಾಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಂಥಾಲಯದ ಮೇಲ್ವಿಚಾರಕರು, ಸ್ತ್ರೀಶಕ್ತಿ ಗುಂಪಿನಿಂದ ಒಬ್ಬರು, ಸಂಘದಿಂದ ಒಬ್ಬರು, ಹೈಸ್ಕೂಲಿನಿಂದ ಇಬ್ಬರು ವಿದ್ಯಾರ್ಥಿಗಳು ಇರಲಿ ಎಂಬುದು ಆಡಳಿತ ಮಂಡಳಿಯ ಸಲಹೆ. ಸಂಘ ಹೊರಬೇಕಾದ ಬಾಬುಗಳು ಮೂರು: ರಸ್ತೆಯ ಕಡೆಯ ಬಾಗಿಲು ಮತ್ತು ದೀಪ, ಕೃಷಿ ಕಪಾಟು, ಕಳೆದ ಪುಸ್ತಕಗಳ ಭರ್ತಿ. ಈ ಖರ್ಚು ಕಾಯ್ದೆ ಮತ್ತು ಬೈಲಾ ಒಪ್ಪುವ ಮಿತಿಯೊಳಗೇ ಇರತಕ್ಕದ್ದು. ವಿರೋಧವಿರುವ ಸದಸ್ಯರು ತಮ್ಮ ಕಾರಣಗಳನ್ನು ಬರೆದು ಸಭೆಗೆ ಎಂಟು ದಿನ ಮುಂಚಿತವಾಗಿ ಕಚೇರಿಗೆ ತಲುಪಿಸಿದರೆ ಅವನ್ನೂ ಸಭೆಯಲ್ಲಿ ಓದಿ ಹೇಳಲಾಗುವುದು.